ಎತ್ತು ನಡೆದ ದಾರಿ

ನದಿಯ ದಂಡೆಗುಂಟ ಏಳು ಹಳೆಯ ಊರುಗಳನ್ನು ಕೂಡಿಸುವ ಸೈಕಲ್ ದಾರಿಯೊಂದು ಬರುತ್ತದೆ ಎಂದು ಸುದ್ದಿಯಾದ ದಿನವೇ ಸೂಲಗಿತ್ತಿಯ ಸೊಸೆ ತನ್ನ ಸೈಕಲ್ ಶಾಪಿನ ಬಾಗಿಲಿಗೆ ಹೊಸ ಬಣ್ಣ ಬಳಿದಳು. ನಕ್ಷೆ ಬಂದಾಗ ನೋಡಿದರೆ ಅದರಲ್ಲಿ ಉಳಿದದ್ದು ಆರೇ ಊರು. ಐದನೆಯದಾದ ಇವರ ಊರಿನ ಮೇಲೆ ಎಂಜಿನಿಯರ್ ಪೆನ್ನಿನಲ್ಲಿ ಗೀಟು ಎಳೆದಿದ್ದ.

"ನಿಮ್ಮೂರಿಗೆ ದಿಬ್ಬ ಹತ್ತಿ ಬರಬೇಕಮ್ಮಾ," ಎಂದ ಅವನು, ಶಾಪಿನ ಸ್ಟೂಲಿನ ಮೇಲೆ ಕೂತು. "ಇದು ಆರಾಮಾಗಿ ತುಳಿಯೋ ದಾರಿ. ವಯಸ್ಸಾದವರೂ ಕಾಲೂರದೆ ಬರೋ ಹಾಗಿರಬೇಕು."

ಸೊಸೆಯ ಮುಖ ಬಾಡಿತು. ಈ ದಾರಿ ಊರಿಗೆ ಬಾರದಿದ್ದರೆ ಶಾಪಿಗೆ ಬೀಗ ಹಾಕಿ ಪೇಟೆಗೆ ಹೋಗುವುದೆಂದು ಅವಳು ಆಗಲೇ ಹೇಳಿಬಿಟ್ಟಿದ್ದಳು. ಮೂಲೆಯಲ್ಲಿ ಕೂತಿದ್ದ ಸೂಲಗಿತ್ತಿ ಎದ್ದು ಮುಂದೆ ಬಂದಳು. ದಿನಕ್ಕೆರಡು ಸಲ ಸೊಸೆಯೊಡನೆ ಜಗಳ ಕಾಯದಿದ್ದರೆ ಆಕೆಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

"ದಿಬ್ಬ ಹತ್ತಿ ಅಂತ ಯಾರ್ರೀ ಹೇಳಿದ್ದು?" ಎಂದು ಗುಡುಗಿದಳು. ಎಪ್ಪತ್ತೊಂದರ ಹೆಂಗಸು, ನಲವತ್ತು ವರ್ಷ ಸೈಕಲ್ಲಿನಲ್ಲೇ ಹೋಗಿ ಹೆರಿಗೆ ಮಾಡಿಸಿದವಳು. "ನೋವು ತಿನ್ನೋಳು ನಾನು ದಿಬ್ಬ ಹತ್ತಿ ಇಳಿಯೋವರೆಗೂ ಕಾಯ್ತಾಳಾ? ನೀರಿನ ಪಕ್ಕದಲ್ಲೇ ಎತ್ತಿನ ದಾರಿ ಇದೆ."

"ನಕ್ಷೇಲಿ ಇಲ್ವಲ್ಲಮ್ಮಾ."

"ನಕ್ಷೇಲಿ ನಾನೂ ಇಲ್ಲ. ಸೈಕಲ್ ತಗೊಂಡು ಬನ್ನಿ. ನಾನು ಕಾಲೂರಿದ್ರೆ ನಿಮ್ಮ ಗೀಟು ಹಾಗೇ ಇರಲಿ."

"ಅತ್ತೆ, ನಿಮ್ಮ ಮಂಡಿ!" ಎಂದಳು ಸೊಸೆ.

"ಮಂಡಿ ನಂದು. ನೀನು ಗಾಳಿ ಹೊಡಿ."

ನಾಲ್ಕನೆಯ ಊರಿನ ಕಮಾನು ಸೇತುವೆಯಿಂದ ಮೂವರೂ ಹೊರಟರು. ಕಲ್ಲಿನ ಕಂಬದಲ್ಲಿ ಬೆರಳು ಹೂತುಹೋಗುವಷ್ಟು ಆಳದ ಗೆರೆಗಳಿದ್ದವು.

"ಸರಕಿನ ದೋಣಿ ಎಳೆಯೋ ಎತ್ತಿನ ಹಗ್ಗ ಉಜ್ಜಿ ಆಗಿದ್ದು," ಎಂದಳು ಸೂಲಗಿತ್ತಿ, ಪೆಡಲ್ ನಿಲ್ಲಿಸದೆ. "ಅಷ್ಟು ಭಾರ ಎಳೆಯೋ ಎತ್ತನ್ನ ದಿಬ್ಬ ಹತ್ತಿಸ್ತಾರೇನ್ರೀ?"

ಮೊಣಕಾಲೆತ್ತರದ ಹುಲ್ಲು. ಆದರೆ ಅದರಡಿಯಲ್ಲಿ ಚಪ್ಪಡಿ ಹಾಸಿದ, ಅಂಗೈಯಂತೆ ಸಪಾಟಾದ ದಾರಿ. ಹಳೆಯ ಗಿರಣಿ ದಾಟಿತು, ಸೂರು ಕುಸಿದ ಸುಂಕದ ಕಟ್ಟೆ ದಾಟಿತು. ಊರಿನ ಕೋಟೆಗೋಡೆ ನದಿಗೆ ತಾಗುವ ಇಕ್ಕಟ್ಟಿನಲ್ಲಿ ಮಾತ್ರ ಮುದುಕಿಯ ಮಂಡಿ ಕೈಕೊಟ್ಟಿತು. ಸೈಕಲ್ ಓಲಾಡಿತು. ಹಿಂದಿದ್ದ ಸೊಸೆ ಕೈ ಚಾಚಿದಳು.

"ಮುಟ್ಟಿದ್ರೆ ನೋಡು! ಲೆಕ್ಕಕ್ಕಿಲ್ಲ ಆಮೇಲೆ!"

ಹಲ್ಲು ಕಚ್ಚಿ ಇನ್ನೊಂದು ತುಳಿತ. ಮತ್ತೊಂದು. ಚಕ್ರ ನೆಟ್ಟಗಾಯಿತು. ಹಿಂದೆ ಧೊಪ್ಪೆಂದು ಸದ್ದಾಯಿತು. ಗೋಡೆಯ ಹಗ್ಗದ ಗುರುತು ನೋಡುತ್ತಾ ಬಂದ ಎಂಜಿನಿಯರ್ ಹುಲ್ಲಿನಲ್ಲಿ ಕೂತಿದ್ದ.

ಶಾಪಿನ ಮುಂದೆ ಊರೇ ನೆರೆದಿತ್ತು. ಕೇಕೆ, ಚಪ್ಪಾಳೆ. ಸೂಲಗಿತ್ತಿ ಮಾತ್ರ ಇಳಿಯಲೊಲ್ಲಳು. ಅಂಗಳದಲ್ಲಿ ಸುತ್ತು ಹೊಡೆಯುತ್ತಲೇ ಇದ್ದಳು.

"ಇಳೀರಿ ಅತ್ತೆ, ಗೆದ್ರಿ!" ಸೊಸೆಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

"ಮೊದಲು ಬರೀಲಿ."

ಎಂಜಿನಿಯರ್ ನಗುತ್ತಾ ನಕ್ಷೆ ಬಿಡಿಸಿ ಪೆನ್ಸಿಲ್ ತೆಗೆದ.

"ಹೊಡೆದುಹಾಕೋವಾಗ ಪೆನ್ನು, ಬರೆಯೋವಾಗ ಪೆನ್ಸಿಲ್ಲಾ?" ಸುತ್ತು ನಿಲ್ಲಲಿಲ್ಲ. "ಪೆನ್ನು ತೆಗೀರಿ!"

ಪೆನ್ನು ಹೊರಬಂತು. ನೀರಿನ ಪಕ್ಕದಲ್ಲಿ ಗೆರೆ ಎಳೆದು, ಊರಿನ ಹೆಸರು ಬರೆದಾಯಿತು. ಆಮೇಲೆಯೇ ಅತ್ತೆ ಸೊಸೆಯ ಹೆಗಲು ಹಿಡಿದು ಕಾಲೂರಿದಳು.