ಶರಾವತಿ ಸೇತುವೆಯ ಮೇಲೆ ಎರಡು ರಾಜ

ಭಟ್ಕಳದ ಅಂಗಡಿಯಲ್ಲಿ ದೋಣಿ ಎಂಜಿನ್ನಿನ ರೇಟು ಕೇಳಿದ ಮೇಲೆ ಸುಬ್ಬತ್ತೆ ತುಟಿ ಬಿಚ್ಚಿರಲಿಲ್ಲ. ರೈಲು ಮಂಕಿ ದಾಟಿದರೂ ಸುಮ್ಮನೆ ಕೂತಿದ್ದಳು. ನಾನು ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸಿನ ದನಿ ತೆಗೆದೆ: "ಯಾತ್ರಿಗಳು ದಯವಿಟ್ಟು ಗಮನಿಸಿ. ಸುಬ್ಬತ್ತೆಯ ನಗು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ."

"ನಿಂಗೆಲ್ಲಾ ಚೇಷ್ಟೆಯೇ ಆತು ಯೋಗೇಶ. ಅಲ್ಲಿ ನನ್ನ ಮಗ ಊರು ಬಿಡ್ತಾ ಇದ್ದ."

ಮಗ ಎಂದರೆ ದಾಸ. ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಅವನ ದೋಣಿ ಇತ್ತು, ಎಂಜಿನ್ ಸತ್ತಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಇನ್ನೇನು ಮುಗಿಯುವುದರಲ್ಲಿತ್ತು. ಎಂಜಿನ್ ಆಗದಿದ್ದರೆ ರತ್ನಾಗಿರಿಯ ಬೋಟಿಗೆ ಬಲೆ ಎಳೆಯುವ ಖಲಾಸಿಯಾಗಿ ಹೋಗುವುದೇ ಗತಿ. ಆ ಬೋಟಿನ ಮಾಲೀಕರು ಸಂಜೆ ಕುಮಟೆಗೆ ಬರುವವರಿದ್ದರು. ಅವರಿಗೆ ಹೂಂ ಅನ್ನಲು ದಾಸ ಆಗಲೇ ಅಲ್ಲಿಗೆ ಹೋಗಿದ್ದ, ಅವನನ್ನು ಬೀಳ್ಕೊಡಲು ನಾವು ಹೊರಟಿದ್ದೆವು.

ಅತ್ತೆಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನನ್ನ ಮೊಬೈಲಿನಲ್ಲಿತ್ತು. ಬೆಳಗಿನಿಂದ ಪೋಕರ್ ಎಂಬ ದುಡ್ಡಿನ ಇಸ್ಪೀಟಿನ ಟೂರ್ನಿ ಆಡುತ್ತಿದ್ದೆ. ಕಾನೂನು ಅಂಥ ಆಟಗಳ ಬಾಗಿಲು ಹಾಕಿಸುವುದಕ್ಕೆ ಮುಂಚಿನ ಮಳೆಗಾಲ ಅದು. ಸಣ್ಣ ಟಿಕೆಟ್ಟು, ಸಾವಿರಾರು ಜನ, ಕೊನೆಗೆ ಉಳಿದವರು ನಾಲ್ವರು. ಮೂರನೆಯ ಬಹುಮಾನ ಬಂದರೂ ಎಂಜಿನ್ ಬರುತ್ತಿತ್ತು. ನಾಲ್ಕನೆಯವನಿಗೆ ಸಿಗುವುದರಲ್ಲಿ ದೋಣಿಗೊಂದು ಹುಟ್ಟು ಕೊಳ್ಳಬಹುದಿತ್ತು, ಅಷ್ಟೆ. ಪಣಕ್ಕಿಡುವ ಬಿಲ್ಲೆ ಎಲ್ಲರಿಗಿಂತ ಕಡಿಮೆ ಉಳಿದಿದ್ದದ್ದು ನನ್ನ ಹತ್ತಿರ.

ಆಗ ನನ್ನ ಕೈಗೆ ಬಿದ್ದವು ಎರಡು ರಾಜ. ನನಗಿಂತ ಮುಂಚೆಯೇ ಇಬ್ಬರು ತಮ್ಮ ಬಿಲ್ಲೆಗಳನ್ನೆಲ್ಲ ಪಣಕ್ಕೆ ತಳ್ಳಿದ್ದರು; ಸೋತವನು ಆಟದಿಂದಲೇ ಹೊರಗೆ. ನಾನೂ ತಳ್ಳುವುದೆಂದು ಬೆರಳು ಇಡುವಷ್ಟರಲ್ಲಿ ರೈಲಿನ ಸದ್ದು ಬದಲಾಯಿತು.

"ಹೊಳೆ ಬಂತು. ಕೈ ಮುಗಿ."

"ಒಂದ್ನಿಮಿಷ ಅತ್ತೆ."

"ಹೊಳೆ ನಿಂಗೆ ಕಾಯ್ಕಂಡು ನಿಂತದ್ಯ?"

ಫೋನು ಕಿತ್ತು ಚೀಲಕ್ಕೆ ಹಾಕಿದಳು. ಅಂಗೈಯಲ್ಲಿ ಒಂದು ನಾಣ್ಯ ಇಟ್ಟಳು. "ನನ್ನ ತೋಳು ಅಷ್ಟು ಎತ್ತರಕ್ಕೆ ಏಳುದಿಲ್ಲ, ನೀನೇ ಹಾಕು. ದಾಸನ ಹೆಸರು ಹೇಳ್ಕಂಡು ಹಾಕು."

ಸರಳಿನ ಸಂದಿಯಿಂದ ಹಾಕಿದೆ. ಕೈ ಮುಗಿದೆ. ಸೇತುವೆ ಮುಗಿಯುವವರೆಗೂ ಅವಳು ಚೀಲ ಬಿಡಲಿಲ್ಲ.

ಫೋನು ಸಿಕ್ಕಾಗ ನನ್ನ ಸರದಿಯ ಅವಧಿ ಮುಗಿದು, ನನ್ನ ರಾಜರನ್ನು ಆಟವೇ ಎಸೆದುಬಿಟ್ಟಿತ್ತು. ಅತ್ತೆಯ ಚೀಲಕ್ಕೆ ಶಾಪ ಹಾಕಿದೆ. ಆಮೇಲೆ ಆ ಇಬ್ಬರ ತೆರೆದ ಎಲೆ ನೋಡಿದೆ. ಒಬ್ಬನ ಹತ್ತಿರ ಎರಡು ರಾಣಿ, ಇನ್ನೊಬ್ಬನ ಹತ್ತಿರ ಎರಡು ಎಕ್ಕ. ಗೆದ್ದದ್ದು ಎಕ್ಕ. ನಾನು ತಳ್ಳಿದ್ದರೆ ನನ್ನ ರಾಜರೂ ಎಕ್ಕುಟ್ಟಿ ಹೋಗಿ, ನಾನೇ ನಾಲ್ಕನೆಯವನಾಗುತ್ತಿದ್ದೆ. ರಾಣಿಯವನು ಆಟದಿಂದ ಎದ್ದಿದ್ದ. ಉಳಿದವರು ಮೂವರು, ಇನ್ನು ಸೋತರೂ ನನಗೆ ಮೂರನೆಯ ಬಹುಮಾನ ಖಾತ್ರಿ.

ಅಲ್ಲೇ ಬಗ್ಗಿ ಅತ್ತೆಯ ಕಾಲು ಮುಟ್ಟಿದೆ.

"ಎಂತಾತೋ? ತಲೆ ತಿರುಗ್ತದ್ಯ?"

ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು. "ಇಸ್ಪೀಟು ಆಡುವವಂಗೆ ಯಾರೂ ಹೆಣ್ಣು ಕೊಡುದಿಲ್ಲ, ತಿಳ್ಕ." ಆಮೇಲೆ ಫೋನಿನ ಕಡೆ ಬಗ್ಗಿದಳು. "ಎಂಜಿನ್ನಿಗೆ ಪೂರಾ ಸಾಕಾಗ್ತದ್ಯ?"

ಕುಮಟೆಯ ಟಿಕೆಟ್ಟಿದ್ದರೂ ಹೊನ್ನಾವರದಲ್ಲೇ ಇಳಿದೆವು. ಪ್ಲಾಟ್‌ಫಾರ್ಮಿನಿಂದ ದಾಸನಿಗೆ ಫೋನು ಮಾಡಿ ಅತ್ತೆಯ ಕೈಗೆ ಕೊಟ್ಟೆ.

"ಹೂಂ ಅನ್ಬೇಡ ಮಗಾ. ಎಂಜಿನ್ ಆತು. ಮನಿಗೆ ಬಾ."

"ಯೋಗೇಶ, ಅವ್ವಿ ದನಿ ತೆಗ್ದು ನನ್ನ ಹೊಟ್ಟೆ ಉರಿಸ್ಬೇಡ," ಎಂದ ದಾಸ. "ಇವತ್ತು ತಮಾಷೆ ಬೇಡ ಮಾರಾಯ."

ಇಷ್ಟು ವರ್ಷ ಫೋನಿನಲ್ಲಿ ಅವಳ ದನಿ ಕದ್ದು ದಾಸನನ್ನು ಏಮಾರಿಸಿದ್ದಕ್ಕೆ ಸಿಕ್ಕ ಬಡ್ಡಿ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಯೋಗೇಶ ಅಲ್ಲವೋ ಗೂಬೆ. ಬೆಳಿಗ್ಗೆ ಗಂಜಿ ಅರ್ಧ ಬಿಟ್ಟು, ಬಟ್ಟಲ ಮೇಲೆ ತಟ್ಟೆ ಮುಚ್ಚಿಟ್ಟು ಹೋದವ ಯಾರು? ನಾ ನೋಡಲಿಲ್ಲ ಅಂದ್ಕಂಡ್ಯ?"



"ಅವ್ವಿ," ಎಂದ ದಾಸ. "ಮುಂದಿನ ರೈಲಿಗೆ ಬತ್ತೆ."

ಅಷ್ಟೂ ಹೊತ್ತು ಆಟ ತನ್ನಷ್ಟಕ್ಕೆ ನಡೆದು, ನನ್ನ ಎಲೆಗಳನ್ನು ಎಸೆಯುತ್ತಲೇ ಇತ್ತು. ಎಸೆಯಲಿ. ನನಗೆ ಮೂರನೆಯದೇ ಬೇಕಾದಷ್ಟಾಗಿತ್ತು.

ಕಾಸರಕೋಡಿಗೆ ರಿಕ್ಷಾ ಹಿಡಿದೆವು. ಅದೇ ಹೊಳೆಯ ಮೇಲಿನ ಹೆದ್ದಾರಿಯ ಸೇತುವೆ ಬರುತ್ತಲೇ ಅತ್ತೆ ಚೀಲದಲ್ಲಿ ಚಿಲ್ಲರೆ ತಡಕತೊಡಗಿದಳು. ನಾನು ಆಗಲೇ ಜೇಬಿನಿಂದ ಒಂದು ನಾಣ್ಯ ತೆಗೆದು ಅವಳ ಅಂಗೈಯಲ್ಲಿಟ್ಟಿದ್ದೆ.