ಉಳಿದ ಒಂದಕ್ಷರದ ಜಾಗ

ದೋಣಿಯ ಬಲಗಡೆಗೆ ಬಂದು ನಿಂತ ನೊನಾತೊ, ಅಲ್ಲಿ ಬರೆದಿದ್ದ ದೋಣಿಯ ಹೆಸರನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವ ಧೈರ್ಯ ಬರಲಿಲ್ಲ.

"ಒಸ್ಮಾರಿನೊ ಅಜ್ಜ, ಇದೇನು ಬರೆದಿಟ್ಟಿದ್ದೀರಿ?"

ಒಸ್ಮಾರಿನೊ ಕುಂಚ ತೊಳೆಯುತ್ತಿದ್ದ. ಐವತ್ತು ವರ್ಷದಿಂದ ವಿಜಿಯಾ ಬಂದರಿನ ದೋಣಿಗಳಿಗೆಲ್ಲ ಹೆಸರು ಬರೆದವನು ಅವನೇ. "ನೀನು ಹೇಳಿದ್ದೇ ಬರೆದೆ. 'ದೇವರ ಜೊತೆ ಹೊರಟೆ' ಅಂತ."

"ದೇವರು ಎಡಗಡೆ ಸರಿಯಾಗಿದ್ದಾನೆ. ಈ ಕಡೆ 'ದೇಉಸ್' ಅನ್ನೋದರ ಕೊನೆಗೆ ಒಂದು 'ಅ' ಸೇರಿ, ಓದೋವಾಗ 'ದೇಉಜಾ' ಆಗಿದೆ."

ಅವರ ಭಾಷೆಯಲ್ಲಿ ದೇವರಿಗೆ ದೇಉಸ್ ಎನ್ನುತ್ತಾರೆ, ದೋಣಿಯ ಹೆಸರಿನಲ್ಲಿ ಅದೇ ಕೊನೆಯ ಪದ. ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಹಲಗೇಲಿ ಒಂದಕ್ಷರದ ಜಾಗ ಉಳೀತು ಮಾರಾಯ. ಖಾಲಿ ಬಿಟ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಕೈ ತಾನಾಗೇ ತುಂಬಿಸ್ತು."

ಬೇರೆಲ್ಲಾದರೂ ಆಗಿದ್ದರೆ ಇದು ಬರೀ ಅಕ್ಷರದ ತಪ್ಪು. ಆದರೆ ಈ ಬಂದರಿನಲ್ಲಿ ದೇಉಜಾ ಎಂದರೆ ಒಬ್ಬಳೇ, ಐಸ್ ಕಾರ್ಖಾನೆ ಪಕ್ಕದ ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡುವ ವಿಧವೆ. ಐವತ್ತೆರಡರ ಹೆಂಗಸು, ನಾಲಿಗೆ ಮಾತ್ರ ಬಹಳ ಚೂಪು. ಹನ್ನೊಂದು ವರ್ಷದಿಂದ ನೊನಾತೊ ವಾರಕ್ಕೊಂದು ಹರಿದ ಬಲೆ ಹೊತ್ತು ಅಲ್ಲಿಗೆ ಹೋಗುತ್ತಿದ್ದ, "ಬಿಸಿಲು ಜಾಸ್ತಿ" ಎಂದಷ್ಟೇ ಹೇಳಿ ವಾಪಸು ಬರುತ್ತಿದ್ದ. ಅವನ ಮನಸ್ಸಿನಲ್ಲಿದ್ದದ್ದು ಊರಿಗೆಲ್ಲ ಗೊತ್ತು, ಬಾಯಿಗೆ ಮಾತ್ರ ಬಂದಿರಲಿಲ್ಲ. ಈಗ ಅದು ನೀಲಿ ನೆರಳಿನ ಸಮೇತ ಕೆಂಪು ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ ಬಂದುಬಿಟ್ಟಿತ್ತು: ದೇಉಜಾ ಜೊತೆ ಹೊರಟೆ.

ದೋಣಿ ನೊನಾತೊನ ಸ್ವಂತ ಅಜ್ಜನದು. ಇಂಜಿನ್ ದೋಣಿಗಳು ಬಂದ ಮೇಲೆ ಸಮುದ್ರ ಸೇರುವ ಹೊಳೆಯ ಕೆಸರಲ್ಲಿ ಬಿದ್ದಿದ್ದ ಹಾಯಿದೋಣಿ. ನೊನಾತೊ ಮೂರು ವರ್ಷ ಅದರ ಬೆನ್ನು ಹತ್ತಿ ಹಲಗೆ ಬದಲಿಸಿದ್ದ, ಸಂದಿಗಳಿಗೆ ಹತ್ತಿ ತುರುಕಿದ್ದ, ಅಜ್ಜ ಮಾಡುತ್ತಿದ್ದ ಹಾಗೆಯೇ ತೊಗಟೆ ಕುದಿಸಿ ಹಾಯಿಗೆ ಕೆಂಪು ಬಣ್ಣ ಹಾಕಿದ್ದ. ಹತ್ತು ಗಂಟೆಯ ಉಬ್ಬರಕ್ಕೆ ಅದು ನೀರಿಗಿಳಿಯಬೇಕು. ನೀರು ಮುಟ್ಟಿದ ಹೆಸರನ್ನು ಇಲ್ಲಿ ಯಾರೂ ಅಳಿಸುವುದಿಲ್ಲ, ಅಳಿಸಿದ ದೋಣಿಗೆ ಯಾರೂ ಕಾಲಿಡುವುದೂ ಇಲ್ಲ. ಆಗಲೇ ಒಂಬತ್ತೂವರೆ.

ಆ 'ಅ' ಒರೆಸಲು ಅವನು ಸೀಮೆಎಣ್ಣೆಯ ಬಟ್ಟೆ ಎತ್ತಿದ. ಅಷ್ಟರಲ್ಲಿ ಜನ ನಗುವುದು ಕೇಳಿಸಿತು. ಹೊಸ ಬಲೆಯನ್ನು ತಲೆಯ ಮೇಲೆ ಹೊತ್ತು ದೇಉಜಾ ಬರುತ್ತಿದ್ದಳು.

"ಎಡಗಡೆ ನಿಂತ್ರೆ ದೇವರು, ಬಲಗಡೆ ನಿಂತ್ರೆ ದೇಉಜಾ," ಎಂದು ಮೀನಿನ ತಕ್ಕಡಿಯವನು ಕೂಗಿದ. "ಯಾರ ಜೊತೆ ಹೋಗ್ತೀಯೋ ಮೊದಲೇ ಹೇಳಿಬಿಡು ನೊನಾತೊ."

ದೇಉಜಾ ಬಲೆ ಇಳಿಸಿದಳು, ಓದಿದಳು. "ಯಾರು ಬರೆಸಿದ್ದು ಇದನ್ನ?"

ತಪ್ಪು ಎಂದು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಇನ್ನೂ ಹನ್ನೊಂದು ವರ್ಷ ಬಿಸಿಲಿನ ಮಾತಾಡಿಕೊಂಡಿರಬಹುದಿತ್ತು. ನೊನಾತೊಗೆ ಸಮುದ್ರದಲ್ಲಿ ಎಂದೂ ಆಗದಷ್ಟು ಭಯವಾಯಿತು.

"ಬರೆದದ್ದು ಒಸ್ಮಾರಿನೊ ಅಜ್ಜನ ತಪ್ಪು," ಎಂದ. ಎತ್ತಿದ್ದ ಬಟ್ಟೆ ಇಳಿಸಿದ. "ಓದೋದಕ್ಕೆ ನಂಗೆ ಸರಿಯಾಗೇ ಇದೆ."

ಜನ ಇನ್ನಷ್ಟು ಹತ್ತಿರ ಬಂದರು.

"ಅಂತೂ ಬಾಯಿ ಬಂತು," ಎಂದಳು ದೇಉಜಾ. "ಮೀನು ಹರಿದ ಬಲೆ ಯಾವುದು, ಮನೇಲಿ ಕೂತು ಚೂರಿ ಹಾಕಿದ ಬಲೆ ಯಾವುದು ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆಯಾ? ಇನ್ನು ಮೇಲೆ ಒಂದು ಎಳೆ ಕುಯ್ದರೂ ನೀನೇ ಹೊಲೀಬೇಕು."

ನೊನಾತೊ ಕಿವಿಯವರೆಗೂ ಕೆಂಪಾದ. ಇಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಸೀಮೆಎಣ್ಣೆಯ ಬಟ್ಟೆಯನ್ನೇ ಮಡಚಿ ಜೇಬಿಗಿಟ್ಟುಕೊಂಡ. ಅವಳು ದೋಣಿಯನ್ನು ಸುತ್ತಿ ಎಡಗಡೆಗೆ ಹೋದಳು. ನೀರು ಆಗಲೇ ದೋಣಿಯ ತಳ ಮುಟ್ಟಿತ್ತು.

"ಅಜ್ಜ, ಈ ಕಡೆ ಯಾಕೆ ನಾನಿಲ್ಲ?"

"ಈ ಕಡೆ ಜಾಗ ಇಲ್ಲಮ್ಮ."

"ಚಿಕ್ಕದಾಗಿ ಬರೀರಿ."

ಒಸ್ಮಾರಿನೊ ಗೊಣಗುತ್ತಲೇ ದೊಗಲೆ ಹಳೆ ಚಡ್ಡಿಯನ್ನು ಇನ್ನಷ್ಟು ಮೇಲಕ್ಕೆ ಮಡಚಿ ಹೊಳೆಗಿಳಿದ. ದೋಣಿ ಮೆಲ್ಲಗೆ ಅಲುಗತೊಡಗಿತ್ತು. ಸೊಂಟದವರೆಗಿನ ನೀರಿನಲ್ಲಿ ನಿಂತು, ಬಣ್ಣದ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಅಲೆ ಹಿಂದೆ ಸರಿಯುವುದನ್ನೇ ಕಾದು, 'ದೇಉಸ್' ಪಕ್ಕ, ಹಲಗೆಯ ತುಟ್ಟತುದಿಯಲ್ಲಿ, ಹೆಬ್ಬೆರಳಿನಷ್ಟು ಒಂದು 'ಅ' ಬರೆದ.