ಮೂರನೇ ಪಟ್ಟಿ

"ಶೂ ಲೇಸು ಯಾರಮ್ಮ ಕಟ್ಟಿದ್ದು?"

"ನಾನೇ."

"ಒಂದೇ ಕೈಲಿ?"

"ಇನ್ನೊಂದನ್ನ ಸಾಮಿಲ್ಲು ತಿಂದ್ಕೊಂಡ್ತಲ್ಲ ಸರ್. ನೀವು ತಂದ್ಕೊಟ್ರೆ ಎರಡರಲ್ಲೂ ಕಟ್ತೀನಿ."

ಆಫೀಸರ್ ವಿಟ್ಲೊ ನಕ್ಕು, ಫಾರಮ್ಮಿನಲ್ಲಿ ಗೀಟು ಹಾಕಿದ: ಸ್ವಂತ ಕೆಲಸಕ್ಕೆ ತೊಂದರೆ ಇಲ್ಲ. ಡೆಲ್ಫಾ ಹಿಗ್ಗಿದಳು. ಪರೀಕ್ಷೆ ಪಾಸಾಗುತ್ತಿದ್ದೇನೆ ಅಂದುಕೊಂಡಳು, ಪಾಪ. ಆ ಲೇಸು ಕಟ್ಟುವುದನ್ನು ಕಲಿಯಲು ಮೂರು ತಿಂಗಳು ಹಿಡಿದಿತ್ತು. ಇವತ್ತು ಚರ್ಚಿಗೆ ಹಾಕುವ ನೀಲಿ ಅಂಗಿಗೆ ಇಸ್ತ್ರಿ ಹೊಡೆದುಕೊಂಡು ಬಂದಿದ್ದಳು. ಸರ್ಕಾರಿ ಆಫೀಸಿಗೆ ಗೋಳು ಹೊತ್ತು ಹೋಗಬಾರದು ಅನ್ನುವುದು ಕೆಂಟಕಿಯ ಆ ಗುಡ್ಡದವರ ಮರ್ಯಾದೆ. ಅಂಗ ಊನವಾದವರಿಗೆ ಕೆಲಸ ಕಲಿಸುವ ಈ ಆಫೀಸಿನಲ್ಲಿ ಒಂದು ಕೈಯವರಿಗೂ ಹುಲ್ಲು ಕೊಯ್ಯುವ ಮಷೀನಿನ ರಿಪೇರಿ ಕಲಿಸುತ್ತಾರೆ, ತಕ್ಕ ಉಪಕರಣ ಕೊಡುತ್ತಾರೆ ಎಂದು ಕೇಳಿ ಬಂದವಳು ಅವಳು.

"ನಡೆಯೋದು?"

"ಎರಡು ಮೈಲಿ ನಡ್ಕೊಂಡೇ ಬಂದೆ."

"ಮಾತುಕತೆ?"

"ನಮ್ಮ ಅತ್ತೇನ ಕೇಳಿ, ಹೇಳ್ತಾಳೆ."

ಗೀಟಿನ ಮೇಲೆ ಗೀಟು. ಕೊನೆಗೆ ವಿಟ್ಲೊ ಪೆನ್ನು ಮುಚ್ಚಿದ. "ಏಳು ಕಾಲಮ್ಮಲ್ಲಿ ಮೂರರಲ್ಲಿ ತೊಂದರೆ ಇದ್ರೆ ಮೊದಲನೇ ಪಟ್ಟಿ, ಅವರನ್ನ ಮೊದಲು ಕರೀತೀವಿ. ನಿಮಗೆ ಒಂದರಲ್ಲೂ ಇಲ್ಲ. ಮೂರನೇ ಪಟ್ಟಿ."

"ಕೈ?"

"ಕೈಗೆ ಅಂತ ಕಾಲಂ ಇಲ್ಲಮ್ಮ."

"ಯಾವಾಗ ಕರೀತೀರಿ?"

"ಮೂರನೇ ಪಟ್ಟಿಯಿಂದ ನಾಲ್ಕು ವರ್ಷದಿಂದ ಯಾರನ್ನೂ ಕರೆದಿಲ್ಲ. ಇಷ್ಟು ಗಟ್ಟಿ ಇದೀರಿ, ಖುಷಿಪಡಬೇಕು ನೀವು. ಇಲ್ಲೊಂದು ಸೈನ್ ಹಾಕಿ."

"ನಿನ್ನ ಫಾರಮ್ಮಿಗೆ ಬೆಂಕಿ ಹಾಕ!" ಅಂದು ಡೆಲ್ಫಾ ಎದ್ದು ಹೊರಬಂದಳು.

ಹೊರಗೆ ಎಂಟು ಜನ ಕಾಯುತ್ತಿದ್ದರು. ಎಲ್ಲರೂ ಗಡ್ಡ ಹೆರೆದು, ತಲೆ ಬಾಚಿ, ಮದುವೆಗೆ ಹೊರಟವರ ಥರ ಕೂತಿದ್ದರು. ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಲೇ ದಡ್ಡಮುಂಡೇವಾ, ಒಳಗೆ ಚೆನ್ನಾಗಿದೀನಿ ಅಂದ್ರೆ ಕೆಟ್ರಿ! ಏನೇನು ಆಗಲ್ವೋ ಅದನ್ನೇ ಹೇಳಿ."

ಗಣಿಯ ಕಲ್ಲು ಬಿದ್ದು ಸೊಂಟ ಮುರಿದುಕೊಂಡ ಎಲ್ವುಡ್ ಗುರುಗುಟ್ಟಿದ. "ಭಿಕ್ಷೆ ಬೇಡೋಕೆ ಹೇಳ್ತೀಯೇನೇ?"

"ಭಿಕ್ಷೆ ಅಲ್ಲ ಎಲ್ವುಡಣ್ಣ, ನಿಜ ಹೇಳು ಅಂದೆ."

ವಿಟ್ಲೊ ಬಾಗಿಲಿಗೆ ಬಂದ. "ಎಲ್ವುಡ್, ಹೇಗಿದೀರಿ?"

ಚೆನ್ನಾಗಿದೀನಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಎಲ್ವುಡ್ ಅದನ್ನು ನುಂಗಿಕೊಂಡ. ಮುಖ ಕೆಂಪಾಯಿತು.

"ಬೆಳಿಗ್ಗೆ ನನಗೆ ಚಡ್ಡಿ ಹಾಕಿದ್ದು ನನ್ನ ಹೆಂಡ್ತಿ," ಅಂದ, ಅಷ್ಟು ಜನರೆದುರು. "ಬರ್ಕೊ."

"ಒಳಗೆ ಬನ್ನಿ, ಮಾತಾಡೋಣ."

"ಇಲ್ಲೇ ಬರ್ಕೊಳಯ್ಯ." ಡೆಲ್ಫಾ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲರೂ ಕೇಳಲಿ. ಅವನದಾದ್ಮೇಲೆ ನನ್ನ ಫಾರಮ್ಮು, ಮೊದಲಿಂದ."